ಸಾರಿ-ಬೆಲ್ ಘಟ್ಟದ ಗೂಟ

ಟೋಕ್ಮೋಕ್, 19 ಅಕ್ಟೋಬರ್ 2023

ಪ್ರೀತಿಯ ಪೆರಿ,

ಆಯಿತು! ಮದುವೆ ಆಗಿಯೇ ಹೋಯಿತು! ಐದು ದಿನ ಕಳೆದರೂ ಕಿವಿಯಲ್ಲಿ ಕೊಮುಜ್ ತಂತಿ ನುಡಿಯುತ್ತಲೇ ಇದೆ, ಹೊಟ್ಟೆಯಲ್ಲಿ ಕರಿದ ಬೋರ್ಸೋಕ್ ತುಂಬಿಯೇ ಇದೆ, ಮುಖಕ್ಕೆ ನಗು ಅಂಟಿಕೊಂಡುಬಿಟ್ಟಿದೆ. ಬಾರದಿದ್ದವಳು ನೀನೊಬ್ಬಳೇ. ಠಾಣೆಯ ಪಾಳಿಗೆ ನಿನ್ನ ಬದಲಿಗೆ ಬರಬೇಕಾದವನಿಗೆ ಅದೇ ವಾರ ಹಲ್ಲುನೋವು ಬರಬೇಕಿತ್ತೆ? ಹಿಮ ಅಳೆಯುವವರಿಗೆ ಗೆಳತಿಯ ಮದುವೆಗೂ ರಜೆ ಇಲ್ಲವೆಂದರೆ ಅದೆಂಥ ಕೆಲಸ! ಹೋಗಲಿ, ಕ್ಷಮಿಸಿದ್ದೇನೆ. ಜಗತ್ತಿನಲ್ಲಿ ಯಾರನ್ನು ಬೇಕಾದರೂ ಕ್ಷಮಿಸುವಷ್ಟು ಖುಷಿಯಲ್ಲಿದ್ದೇನೆ.

ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಕುಬಾತನ ಮನೆಯ ಹೊಸ್ತಿಲು ದಾಟಿದೆ. ತಲೆಗೆ ಬಿಳಿ ವಸ್ತ್ರ ಕಟ್ಟಿ ಪರದೆಯ ಹಿಂದೆ ಕೂರಿಸಿದರು. ಸೋಮವಾರ ಬೆಳಗಿನ ತನಕ ಅಲ್ಲೇ! ಬೆನ್ನು ನೆಟ್ಟಗೆ, ಕಣ್ಣು ಕೆಳಗೆ. ನೋಡಲು ಬಂದವರು ಕಾಣಿಕೆ ಇಟ್ಟು ಪರದೆ ಎತ್ತುವುದು, ನಾನು ಎದ್ದು ಬಾಗುವುದು. ಒಬ್ಬಳು ಅಜ್ಜಿ ನನ್ನನ್ನು ಕುದುರೆ ಕೊಳ್ಳುವವಳ ಹಾಗೆ ನೋಡಿ, “ಮೂಗು ಒಂಚೂರು ಉದ್ದವೇ. ಇರ್ಲಿ ಬಿಡು, ಚಳಿಗಾಲದಲ್ಲಿ ಗಾಳಿ ಬಿಸಿಯಾಗಿ ಒಳಗೆ ಹೋಗುತ್ತೆ” ಅಂದಳು. ನಾನು ನಗಬಾರದು! ತುಟಿ ಕಚ್ಚಿ ಕಚ್ಚಿ ಗಾಯವೇ ಆಗಿದೆ. ಲ್ಯಾಪ್‌ಟಾಪ್, ಫೋನು ಎಲ್ಲ ಕುಬಾತನ ಸುಪರ್ದಿಯಲ್ಲಿ. ಹುಟ್ಟಿದ ಮೇಲೆ ಮೊದಲ ಸಲ ಎರಡು ದಿನ ಒಂದೂ ತೆರೆ ನೋಡದೆ ಬದುಕಿದೆ. ಸಾಯಲಿಲ್ಲ.

ನಿನ್ನೆ ಅತ್ತೆ ಹಿಟ್ಟು ನಾದುತ್ತಾ ಕೇಳಿದರು: “ಕೆಲಿನ್, ನೀನೂ ನನ್ನ ಮಗನೂ ಒಂದೇ ಕಚೇರೀಲಿ ಇಡೀ ದಿನ ಏನು ಮಾಡ್ತೀರಿ?” (ಕೆಲಿನ್! ನಾನೀಗ ಒಬ್ಬರ ಸೊಸೆ, ಪೆರಿ! ಅವರು ನನಗೆ ಅಪಾ, ಅಮ್ಮ!) ನಾನು ಹೇಳಿದೆ: “ಅಪಾ, ಸಾರಿ-ಬೆಲ್ ಘಟ್ಟದ ದಾರಿ ತೆರೆದಿದೆಯೋ ಮುಚ್ಚಿದೆಯೋ ಅಂತ ಫೋನಿನಲ್ಲಿ ತೋರಿಸೋ, ಅಪಾಯ ಆದ್ರೆ ಗೇಟು ಇಳಿಸೋ ಕಂಪ್ಯೂಟರ್ ಯೋಜನೆ ನಮ್ಮದು. ಎಷ್ಟು ಹಿಮ ಬಿದ್ರೆ ಅಪಾಯ ಅಂತ ಲೆಕ್ಕ ಹಾಕೋದು ಮಾತ್ರ ನನ್ನ ಗೆಳತಿ ಪೆರಿಜಾತಳದು. ಅವಳ ಯೋಜನೆ ನಮ್ಮದರ ಒಳಗಿದೆ, ಆದ್ರೆ ನಮ್ಮದಲ್ಲ. ಅದು ಎಲ್ಲಿದೆ ಅನ್ನೋ ವಿಳಾಸ ಒಂದು, ಅವಳು ಬರೆದ ಯಾವ ಆವೃತ್ತಿ ಬೇಕು ಅನ್ನೋ ಗುರುತು ಒಂದು, ಅಷ್ಟೇ ನಮ್ಮ ಹತ್ರ. ಕುದುರೆ ಅವಳದು, ಗೂಟ ನಮ್ಮದು. ಅವಳು ಅದರೊಳಗೆ ಏನೇ ಬದಲಾಯಿಸಲಿ, ಗೂಟ ಸರಿಸೋ ತನಕ ನಮಗೆ ಹಳೇದೇ.”

ಅತ್ತೆ ಯೋಚಿಸಿ, “ಅಂದ್ರೆ ಸೊಸೆ ಇದ್ದ ಹಾಗೆ. ಮನೆ ಒಳಗೇ ಇರ್ತಾಳೆ, ಬುದ್ಧಿ ಮಾತ್ರ ತವರಿಂದು” ಅಂದರು! ನನ್ನ ಎಲ್ಲ ಪುಸ್ತಕಗಳಿಗಿಂತ ಚೆನ್ನಾಗಿ ಹೇಳಿದರು, ಅಲ್ಲವೇ?

ಕುಬಾತ್ ಪಕ್ಕದಲ್ಲೇ ಸೇಬು ಸುಲಿಯುತ್ತಿದ್ದಾನೆ, ಒಂದು ಹೋಳು ನನ್ನ ಬಾಯಿಗೆ, ಒಂದು ಅವನ ಬಾಯಿಗೆ. ನಿನಗೆ ಹೊಟ್ಟೆಕಿಚ್ಚಾಗಲಿ ಎಂದೇ ಬರೆದೆ. ಪಾಳಿ ವ್ಯಾನಿನವನ ಕೈಯಲ್ಲಿ ಬೋರ್ಸೋಕ್ ಕಳಿಸಿದ್ದೇನೆ. ಅವನು ದಾರಿಯಲ್ಲಿ ತಿಂದರೆ ಎಣಿಸಿ ಬೈಯಿ. ನಲವತ್ತೊಂದು ಇವೆ.

ನಿನ್ನ ಹುಚ್ಚು ಮದುಮಗಳು,
ಮೇರಿಮ್

*

ಸಾರಿ-ಬೆಲ್ ಹಿಮ ಠಾಣೆ, 6 ನವೆಂಬರ್ 2023

ಮೇರಿಮ್,

ಹತ್ತೊಂಬತ್ತು ಬಂದವು. ವ್ಯಾನಿನವನನ್ನು ಕೇಳಿದರೆ, “ಅಕ್ಕಾ, ಘಟ್ಟ ಹತ್ತೋವಾಗ ಗಾಳಿ ಒತ್ತಡಕ್ಕೆ ಕೆಲವು ಕರಗಿಹೋದ್ವು” ಅನ್ನುತ್ತಾನೆ. ಮೀಸೆಯ ಮೇಲೆ ಪುಡಿ ಇನ್ನೂ ಇತ್ತು.

ಮದುವೆಗೆ ಬರಲಾಗಲಿಲ್ಲ. ಅದರ ಬಗ್ಗೆ ಹೆಚ್ಚು ಬರೆದರೆ ಸುಳ್ಳು ಬರೆದ ಹಾಗಾಗುತ್ತದೆ. ಆ ಶನಿವಾರ ಇಡೀ ದಿನ ಕಿಟಕಿಯ ಬಳಿ ಕೂತು ನಿನ್ನ ಬಗ್ಗೆ ಯೋಚಿಸಿದೆ. ಸುಖವಾಗಿರು.

ಈಗ ಕೆಲಸ. ಮೂರನೆಯ ಕೊರಕಲಿನಲ್ಲಿ ಹೋದ ವಾರ ಗುಂಡಿ ತೋಡಿ ನೋಡಿದೆ. ಅಡಿಯಲ್ಲಿ ಸಕ್ಕರೆಯಂಥ ಸಡಿಲ ಪದರ, ಅದರ ಮೇಲೆ ಗಟ್ಟಿ ಹಲಗೆ, ಭಾರ ಹೆಚ್ಚಿದರೆ ದಾರಿಯ ಮೇಲೆ ಜಾರುತ್ತದೆ. ಕಳೆದ ವರ್ಷ ಹೊಸ ಹಿಮ ಐವತ್ತು ಸೆಂಟಿಮೀಟರ್ ಆದರೆ ದಾರಿ ಮುಚ್ಚಬೇಕು ಎಂದಿತ್ತು, ಈ ವರ್ಷ ನಲವತ್ತಕ್ಕೇ ಮುಚ್ಚಬೇಕು. ನಿಮ್ಮದರೊಳಗಿರುವ ನನ್ನ ಒಳಯೋಜನೆಯಲ್ಲಿ ತಿದ್ದಿ, ಅದರ ವಿಳಾಸಕ್ಕೂ ಕಳಿಸಿದ್ದೇನೆ. ಸಂಪರ್ಕ ಎರಡು ಸಲ ಕಡಿದು, ಮೂರನೆಯ ಸಲ ಹೋಯಿತು. ಗುರುತಿನ ಮೊದಲ ಏಳು ಅಕ್ಷರ: ನಾಲ್ಕು, ಎಫ್, ಎರಡು, ಬಿ, ಒಂಬತ್ತು, ಒಂಬತ್ತು, ಸಿ. ರೇಡಿಯೋದಲ್ಲೂ ಓದುತ್ತೇನೆ, ಎಂದಿನಂತೆ ನೀನು ತಿರುಗಿ ಓದಿ ಹೇಳು. ನಾನು ಓದದೆ ಗೂಟ ಕದಲಬಾರದು, ನೀನಲ್ಲದೆ ಬೇರೆ ಯಾರೂ ಕದಲಿಸಬಾರದು. ನಾಲ್ಕು ಚಳಿಗಾಲ ಹೀಗೇ ನಡೆದಿದೆ.

ಡಿಸೆಂಬರಿಗೆ ಮೊದಲು ಸರಿಸಿಬಿಡು.

ಪೆರಿಜಾತ್

*

ಬಿಷ್ಕೆಕ್, 21 ನವೆಂಬರ್ 2023

ನನ್ನ ಪ್ರೀತಿಯ ಮರೆಗುಳಿ,

ಸಿಕ್ಕಿಬಿದ್ದೆ! ನಾಲ್ಕು ವರ್ಷದಿಂದ ನನಗೆ ಪಾಠ ಹೇಳುತ್ತಿದ್ದವಳು ನೀನು. “ಮೊದಲು ಒಳಗಿನದನ್ನು ಕಳಿಸು, ಆಮೇಲೆ ಹೊರಗಿನ ಗೂಟ ಸರಿಸು, ತಲೆಕೆಳಗು ಮಾಡಿದ್ರೆ ಇಲ್ಲದ ಕುದುರೆಗೆ ಹಗ್ಗ ಕಟ್ಟಿದ ಹಾಗೆ” ಎಂದು ನನ್ನ ತಲೆ ತಿಂದವಳು. ಈಗ ನೀನೇ ಕಳಿಸುವುದನ್ನು ಮರೆತಿದ್ದೀಯ! ನೀನು ಓದಿದ ಏಳು ಅಕ್ಷರ ಕೊಟ್ಟು ಗೂಟ ಸರಿಸಲು ಹೋದರೆ, ಆ ವಿಳಾಸದಲ್ಲಿ ಅಂಥದ್ದೊಂದು ಇಲ್ಲವೇ ಇಲ್ಲ ಎನ್ನುತ್ತದೆ ಯಂತ್ರ. ಮೂರು ಸಲ ನೋಡಿದೆ.

ಕುಬಾತನನ್ನು ಕೇಳಿದೆ. ಅವನು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, “ಘಟ್ಟದ ಮೇಲೆ ಆಮ್ಲಜನಕ ಕಮ್ಮಿ ಅಲ್ವಾ, ಪಾಪ. ಕಳಿಸಿದೀನಿ ಅಂತ ಕನಸು ಕಂಡಿರ್ತಾಳೆ” ಅಂದ. ನಾನು ಅವನ ಕಿವಿ ಹಿಂಡಿದೆ, ನಿನ್ನ ಪರವಾಗಿ. ಆಮೇಲೆ ಅವನು ನಲವತ್ತು ಅನ್ನೋದು ತೀರಾ ಹೆದರುಪುಕ್ಕಲ ಲೆಕ್ಕ ಎಂದ. “ಒಂದು ಹಿಡಿ ಹಿಮ ಬಿದ್ರೂ ದಾರಿ ಮುಚ್ಚಿದ್ರೆ ಲಾರಿಯವರು ದುಡ್ಡು ಕೊಟ್ಟು ನಮ್ಮನ್ನ ಯಾಕೆ ಇಟ್ಕೋತಾರೆ ಹೇಳು? ಹೋದ ಚಳಿಗಾಲ ಇಪ್ಪತ್ತಾರು ದಿನ ಮುಚ್ಚಿತ್ತು.” ನಾನು, “ಹಿಮ ಅಳೆಯೋಳು ಅವಳು, ನೀನಲ್ಲ” ಅಂದೆ. “ಸರಿ ಮಹಾರಾಣಿ” ಅಂದು ಚಹಾ ಮಾಡಲು ಹೋದ. ಗಂಡಸೊಬ್ಬ ತಾನೇ ಎದ್ದು ಚಹಾ ಮಾಡುವುದನ್ನು ಈ ಓಣಿಯಲ್ಲಿ ಯಾರೂ ನೋಡಿಲ್ಲ, ಪೆರಿ! ಪಕ್ಕದ ಮನೆಯವಳು ಕಿಟಕಿಯಿಂದ ಇಣುಕಿದಳು.

ಅಂದ ಹಾಗೆ ಹೊಸ ವರ್ಷಕ್ಕೆ ಅವನನ್ನು ನಮ್ಮ ತಂಡದ ಮುಖ್ಯಸ್ಥ ಮಾಡುತ್ತಾರಂತೆ! ಹಣೆಗೆ ಮುತ್ತಿಟ್ಟು, “ಎಲ್ಲ ನಿನ್ನ ಕಾಲ್ಗುಣ” ಅಂದ.

ನೀನು ಇನ್ನೊಮ್ಮೆ ಕಳಿಸು, ನಾನು ಇನ್ನೊಮ್ಮೆ ಸರಿಸುತ್ತೇನೆ. ಅಲ್ಲಿಯವರೆಗೆ ಹಳೆಯ ಐವತ್ತಂತೂ ಇದ್ದೇ ಇದೆಯಲ್ಲ.

ಸಾವಿರ ಮುತ್ತುಗಳೊಂದಿಗೆ,
ಮೇರಿಮ್

*

ಸಾರಿ-ಬೆಲ್ ಹಿಮ ಠಾಣೆ, 13 ಡಿಸೆಂಬರ್ 2023

ಮೇರಿಮ್,

ನಾನು ಕಳಿಸುವುದನ್ನು ಮರೆತಿರಲಿಲ್ಲ.

ಹೋದ ಶುಕ್ರವಾರ ಬೆಳಿಗ್ಗೆ ಅಳತೆ ಕೋಲಿನಲ್ಲಿ ಐವತ್ತೆಂಟು ಸೆಂಟಿಮೀಟರ್ ಹೊಸ ಹಿಮ. ನಲವತ್ತು ಬಿಡು, ನೀನು ‘ಇದ್ದೇ ಇದೆಯಲ್ಲ’ ಎಂದ ಐವತ್ತನ್ನೂ ದಾಟಿತ್ತು. ಅಳತೆ ಕಳಿಸಿ ಗೇಟು ಇಳಿಯುವುದನ್ನು ಕಾದೆ. ಇಳಿಯಲಿಲ್ಲ. ನಿಮ್ಮ ಯೋಜನೆ ‘ತೆರೆದಿದೆ’ ಎಂದು ತೋರಿಸುತ್ತಿತ್ತು. ಕೆಳಗೆ ಓಡಿಹೋಗಿ, ತುರ್ತಿಗೆಂದು ನನ್ನ ಬಳಿ ಇದ್ದ ಕೀಲಿಯಿಂದ ನಾನೇ ಗೇಟು ಇಳಿಸಿದೆ. ಅರ್ಧ ಗಂಟೆಯಲ್ಲಿ ಹದಿನೇಳು ಗಾಡಿ ನಿಂತವು.

“ಅಕ್ಕಾ, ಫೋನು ತೆರೆದಿದೆ ಅಂತಿದೆ! ನೋಡಿಲ್ಲಿ, ಹಸಿರು!”

“ಫೋನು ಗುಡ್ಡ ನೋಡಿದೆಯಾ? ನಾನು ನೋಡಿದೀನಿ. ಹಿಂದಕ್ಕೆ ಹೋಗಿ.”

“ಸರ್ಕಾರಕ್ಕಿಂತ ದೊಡ್ಡೋಳಾ ನೀನು? ಯಾರೇ ನಿನ್ನ ಇಲ್ಲಿ ನಿಲ್ಸಿದ್ದು?”

“ನನ್ನ ಕುರಿಗಳು ಚಳಿಗೆ ಸಾಯ್ತಿವೆ. ಸತ್ರೆ ನಿನ್ನ ಮನೆ ಬಾಗಿಲಿಗೆ ತಂದು ಹಾಕ್ತೀನಿ.”

ಒಬ್ಬ ನನ್ನ ತೋಳು ಹಿಡಿದು ತಳ್ಳಿದ. ನಾನು ಗೇಟಿನ ಕಂಬ ತಬ್ಬಿಕೊಂಡು ನಿಂತೆ. ಸಂಜೆಯ ತನಕ.

ಗುಡ್ಡ ಜಾರಲಿಲ್ಲ, ಮೇರಿಮ್. ಮರುದಿನ ಬಿಸಿಲು ಬಂತು. ಜಾರದ ಗುಡ್ಡ ಯಾರ ಪರವಾಗಿಯೂ ಸಾಕ್ಷಿ ಹೇಳುವುದಿಲ್ಲ. ‘ತೆರೆದ ದಾರಿಯನ್ನು ಮನಸ್ಸಿಗೆ ಬಂದಂತೆ ಮುಚ್ಚಿದಳು’ ಎಂದು ದೂರು ಹೋಗಿದೆ. ಎಚ್ಚರಿಕೆಯ ಪತ್ರ ಬಂದಿದೆ. ಗೇಟಿನ ಕೀಲಿಯನ್ನು ನನ್ನಿಂದ ತೆಗೆದುಕೊಂಡಿದ್ದಾರೆ. ಇನ್ನು ಮೇಲೆ ನಿಮ್ಮ ಯೋಜನೆ ಹೇಳಿದರೆ ಮಾತ್ರ ಗೇಟು ಇಳಿಯುತ್ತದೆ. ನಾನು ಕಿಟಕಿಯಿಂದ ನೋಡಬಹುದು, ಅಷ್ಟೇ.

ಆಮೇಲೆ ಎರಡು ದಿನ ಕೂತು, ಬಸವನಹುಳದಂಥ ಸಂಪರ್ಕದಲ್ಲಿ ನಿಮ್ಮ ಯೋಜನೆಯಲ್ಲಿ ಯಾರು ಯಾವಾಗ ಏನು ಬದಲಾಯಿಸಿದರು ಎಂಬ ಇತಿಹಾಸವನ್ನು ಸಾಲು ಸಾಲಾಗಿ ಇಳಿಸಿಕೊಂಡೆ. ಒಳಯೋಜನೆಯ ವಿಳಾಸ ಬದಲಾಗಿದೆ. ಅದು ಈಗ ನನ್ನ ಜಾಗವನ್ನು ತೋರಿಸುತ್ತಿಲ್ಲ, ನಿಮ್ಮ ಕಚೇರಿಯಲ್ಲಿ ಮಾಡಿಕೊಂಡ ಒಂದು ನಕಲನ್ನು ತೋರಿಸುತ್ತಿದೆ. ನಾನು ಕಳಿಸಿದ್ದು ಆ ನಕಲಿಗೆ ಹೇಗೆ ಸೇರಬೇಕು? ಅದಕ್ಕೇ ನಿನ್ನ ಯಂತ್ರಕ್ಕೆ ಸಿಗಲಿಲ್ಲ. ಆ ನಕಲಿನಲ್ಲಿ ಐವತ್ತು ಇದ್ದಲ್ಲಿ ಎಪ್ಪತ್ತೈದು ಎಂದಿದೆ. ಗೂಟವನ್ನು ಅದಕ್ಕೆ ಕಟ್ಟಲಾಗಿದೆ.

ಬದಲಾಯಿಸಿದವರ ಹೆಸರು ನಿನ್ನದು. ಕೆಳಗೆ ನಿನ್ನ ಸಹಿ. ಅಕ್ಟೋಬರ್ 14, ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷ.

ಮದುವೆಯ ದಿನವೂ ಬಿಡುವು ಮಾಡಿಕೊಂಡೆಯಲ್ಲ. ಎರಡು ದಿನ ತೆರೆಯನ್ನೇ ನೋಡಲಿಲ್ಲ ಎಂದು ಬರೆದಿದ್ದೆ. ಯಾವುದನ್ನು ನಂಬಲಿ? ಹೆಸರನ್ನು ಯಾರು ಬೇಕಾದರೂ ಬರೆಯಬಹುದು, ಸಹಿ ಮಾತ್ರ ಗುಪ್ತಪದ ಗೊತ್ತಿದ್ದವರಿಗೇ ಸಾಧ್ಯ ಎಂದು ನನಗೆ ಹೇಳಿಕೊಟ್ಟವಳು ನೀನೇ. ಹೆತ್ತ ತಾಯಿಗೂ ಹೇಳುವುದಿಲ್ಲ ಎಂದಿದ್ದವಳೂ ನೀನೇ.

ಐವತ್ತು ಬೇಡವಾಗಿದ್ದರೆ ನನ್ನ ಮುಖಕ್ಕೆ ಹೇಳಬಹುದಿತ್ತು. ಜಗಳ ಆಡುತ್ತಿದ್ದೆವು. ನಾವು ಜಗಳ ಆಡಿಲ್ಲವೇ?

ಪೆರಿಜಾತ್

*

ಬಿಷ್ಕೆಕ್, 24 ಡಿಸೆಂಬರ್ 2023

ಪೆರಿ,

ನಿನ್ನ ಪತ್ರವನ್ನು ಎಂಟು ದಿನ ಚೀಲದಲ್ಲಿಟ್ಟುಕೊಂಡು ತಿರುಗಿದೆ. ಮೊದಲ ದಿನ ನಿನ್ನ ಮೇಲೆ ಕೋಪ ಬಂತು. ನನ್ನ ಮೇಲೆ ಇಂಥ ಮಾತು! ನಾನು ಮಾಡಿಲ್ಲ, ಮಾಡಿಲ್ಲ, ಮಾಡಿಲ್ಲ ಎಂದು ಮೂರು ಪುಟ ಬರೆದು ಹರಿದುಹಾಕಿದೆ. ಆಮೇಲೆ ಇತಿಹಾಸ ತೆರೆದು ನೋಡಿದೆ. ನೀನು ಹೇಳಿದ ಹಾಗೇ ಇದೆ.

ಶನಿವಾರ, ಸಂಜೆ ನಾಲ್ಕು ಇಪ್ಪತ್ತು. ಆಗ ನಾನು ಪರದೆಯ ಹಿಂದೆ ಇದ್ದೆ. ಇಡೀ ಟೋಕ್ಮೋಕ್ ಅದಕ್ಕೆ ಸಾಕ್ಷಿ. ನನ್ನ ಮೂಗು ಅಳೆದ ಅಜ್ಜಿಯೂ ಸಾಕ್ಷಿ. ಆ ಹೊತ್ತಿನಲ್ಲಿ ಕುಬಾತ್ ಒಮ್ಮೆ ಬಂದಿದ್ದ. ಹೆಂಗಸರೆಲ್ಲ “ಮದುಮಗ ಪರದೆ ಹತ್ರ ಬರಬಾರದು, ಓಡಿಸ್ರೇ ಇವನನ್ನ!” ಎಂದು ಟವೆಲಿನಿಂದ ಹೊಡೆಯುತ್ತಾ ನಗುತ್ತಿದ್ದರು. ಅವನು ಬಟ್ಟೆಯ ಆಚೆಯಿಂದ ಪಿಸುಗುಟ್ಟಿದ: “ಕಚೇರಿ ಕಡತ ಒಂದು ತೆರೀತಿಲ್ಲ. ಗುಪ್ತಪದ ಹೇಳು ಬೇಗ, ಇವರು ನನ್ನ ಕೊಂದುಹಾಕ್ತಾರೆ.”

ನಾನು ಹೇಳಿದೆ, ಪೆರಿ. ನಗುತ್ತಾ ಹೇಳಿದೆ. ಅದು ನನಗೆ ಆ ದಿನದ ಅತ್ಯಂತ ಸಿಹಿಯಾದ ಗಳಿಗೆಯಾಗಿತ್ತು. ಗಂಡ ಪರದೆಯ ಆಚೆ, ನಾನು ಈಚೆ, ನಮ್ಮಿಬ್ಬರಿಗೇ ಗೊತ್ತಿರುವ ಒಂದು ಗುಟ್ಟು. ನಿನಗೆ ಬರೆದ ಮೊದಲ ಪತ್ರದಲ್ಲಿ ಅದನ್ನು ಯಾಕೆ ಬಿಟ್ಟೆ? ನಾಚಿಕೆಯಿಂದ ಎಂದುಕೊಂಡಿದ್ದೆ. ಈಗ ಗೊತ್ತಿಲ್ಲ.

ನಿನ್ನೆ ಮಧ್ಯಾಹ್ನ ಅವನನ್ನು ಕೇಳಿದೆ. ಮಾಂಸ ತುಂಬಿದ ಮಂತಿ ತಿನ್ನುತ್ತಿದ್ದ, ತಿನ್ನುವುದನ್ನು ನಿಲ್ಲಿಸಲಿಲ್ಲ.

“ಹೌದು, ನಾನೇ. ಅದರಲ್ಲೇನಿದೆ? ಗೂಟ ಸರಿಸೋ ಅಧಿಕಾರ ನಿನ್ನೊಬ್ಬಳಿಗೇ ಇತ್ತು. ಕೇಳಿದ್ರೆ ನೀನು ಅವಳನ್ನ ಕೇಳ್ತಿದ್ದೆ. ಅವಳು ಬೇಡ ಅಂತಿದ್ಲು.”

“ಅದಕ್ಕೇ ತಾನೇ ಆ ಕಟ್ಟಳೆ ಇದ್ದಿದ್ದು!”

“ಜನ ಸತ್ರಾ ಯಾರಾದ್ರೂ? ಗುಡ್ಡ ಜಾರಿತಾ? ಇಲ್ವಲ್ಲ. ಒಂದೆರಡು ವಾರ ತಡಿ, ನಾನು ಮುಖ್ಯಸ್ಥ ಆದ ಮೇಲೆ ಎಲ್ಲ ಹಿಂದಕ್ಕೆ ಹಾಕೋಣ. ಇತಿಹಾಸಾನೇ ಹೊಸದಾಗಿ ಬರೆದು ಹಳೇದರ ಮೇಲೆ ಒತ್ತಿಬಿಡ್ತೀನಿ. ಅಕ್ಟೋಬರ್ ಹದಿನಾಲ್ಕರಂದು ಏನೂ ಆಗೇ ಇಲ್ಲ ಅನ್ನೋ ಹಾಗೆ. ನಿನ್ನ ಹೆಸರೂ ಶುದ್ಧ, ನನ್ನದೂ ಶುದ್ಧ.”

“ಪೆರಿಜಾತಳದು?”

“ಅವಳೇನು ನಮ್ಮ ಮನೆಯೋಳಾ?”

ಅಷ್ಟು ಹೇಳಿ ನನ್ನ ತಟ್ಟೆಗೆ ಇನ್ನೆರಡು ಮಂತಿ ಹಾಕಿದ. ಪ್ರೀತಿಯಿಂದಲೇ ಹಾಕಿದ, ಪೆರಿ. ಅದೇ ನನಗೆ ಅರ್ಥವಾಗುತ್ತಿಲ್ಲ. ಕೆಟ್ಟವನ ಮುಖ ಹೇಗಿರುತ್ತದೆ ಎಂದು ನಾನು ಎಷ್ಟೋ ಸಲ ಊಹಿಸಿದ್ದೇನೆ. ಅದು ಸೇಬು ಸುಲಿದು ಬಾಯಿಗಿಡುವ ಮುಖ ಎಂದು ಊಹಿಸಿರಲಿಲ್ಲ. ನಮ್ಮ ಮದುವೆಯ ಮಾತು ಹೋದ ಏಪ್ರಿಲಿನಲ್ಲಿ ಶುರುವಾಯಿತು. ದಾರಿ ಬಹಳ ದಿನ ಮುಚ್ಚಿತ್ತೆಂದು ಲಾರಿಯವರು ದೂರಿದ್ದು ಮಾರ್ಚಿನಲ್ಲಿ. ಈ ಎರಡು ತಿಂಗಳುಗಳನ್ನು ಅಕ್ಕಪಕ್ಕ ಇಟ್ಟು ನೋಡಬಾರದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಕಚೇರಿಗೆ ಹೋಗಿ ವಿಳಾಸವನ್ನು ನಿನ್ನ ಜಾಗಕ್ಕೆ ತಿರುಗಿಸಿದೆ. ನಲವತ್ತು ಅಲ್ಲೇ ಇತ್ತು, ನವೆಂಬರಿನಿಂದ, ನೀನಿಟ್ಟ ಹಾಗೇ. ಗೂಟವನ್ನು ಅದಕ್ಕೆ ಕಟ್ಟಿದೆ. ಯಾವುದನ್ನೂ ಅಳಿಸಲಿಲ್ಲ. ಟಿಪ್ಪಣಿಯಲ್ಲಿ ಹೀಗೆ ಬರೆದೆ: “ಅಕ್ಟೋಬರ್ 14ರ ಬದಲಾವಣೆ ನನ್ನ ಸಹಿಯಲ್ಲಿದೆ, ನನ್ನ ಕೈಯದಲ್ಲ. ಗುಪ್ತಪದವನ್ನು ನಾನು ಕುಬಾತನಿಗೆ ಕೊಟ್ಟಿದ್ದೆ. ಪೆರಿಜಾತಳ ಅಳತೆ ಸರಿಯಿತ್ತು.” ಅದನ್ನು ಎಲ್ಲರೂ ಓದಬಹುದು. ಅದರ ಪ್ರತಿಯನ್ನು ನಿನ್ನ ಮೇಲಿನವರಿಗೂ ಕಳಿಸಿದ್ದೇನೆ.

ನನಗೆ ಒಂದು ಸಾಲು ಬರೆ. ಬೈದಾದರೂ ಬರೆ.

ಮೇರಿಮ್

*

ಸಾರಿ-ಬೆಲ್ ಹಿಮ ಠಾಣೆ, 9 ಜನವರಿ 2024

ಮೇರಿಮ್,

ಟಿಪ್ಪಣಿ ಓದಿದೆ. ಎಚ್ಚರಿಕೆಯ ಪತ್ರವನ್ನು ಹಿಂದಕ್ಕೆ ಪಡೆದಿದ್ದಾರೆ. ಗೇಟಿನ ಕೀಲಿಯನ್ನು ಇನ್ನೂ ಕೊಟ್ಟಿಲ್ಲ, ‘ಪರಿಶೀಲನೆಯಲ್ಲಿದೆ’.

ಪರದೆಯ ವಿಷಯ ನಾನೇ ಯೋಚಿಸಬೇಕಿತ್ತು. ನಿನ್ನ ಪತ್ರ ಇಲ್ಲೇ ಮೇಜಿನ ಮೇಲಿತ್ತು, ಹನ್ನೆರಡು ಗಂಟೆ ಎಂದು ನೀನೇ ಬರೆದಿದ್ದೆ. ಕೋಪದಲ್ಲಿ ಅದು ಕಾಣಲಿಲ್ಲ. ಅಷ್ಟರ ಮಟ್ಟಿಗೆ ತಪ್ಪು ನನ್ನದು.

ಆದರೆ ಬೈದಾದರೂ ಬರೆ ಎಂದಿದ್ದೀಯ. ಅವನು ಕದಿಯಲಿಲ್ಲ, ಮೇರಿಮ್. ಕೇಳಿದ, ನೀನು ಕೊಟ್ಟೆ. ಆ ಗುಪ್ತಪದದಲ್ಲಿ ಅರ್ಧ ನನ್ನದಿತ್ತು. ನಾನು ನಾಲ್ಕು ಚಳಿಗಾಲ ಇಲ್ಲಿ ಒಬ್ಬಳೇ ಮಲಗಿದ್ದು, ಕೆಳಗೆ ಒಂದು ಕಡೆ ಅದು ಭದ್ರವಾಗಿದೆ ಎಂಬ ನಂಬಿಕೆಯ ಮೇಲೆ.

ಇನ್ನು ಮೇಲೆ ಗೂಟ ಸರಿಸಲು ಇಬ್ಬರ ಸಹಿ ಬೇಕು ಎಂದು ಮಾಡಿಸಿದ್ದೇನೆ. ಎರಡನೆಯದು ನನ್ನದು. ಸಂಪರ್ಕ ಸಿಗದಿದ್ದರೆ ಕಾಯಿರಿ.

ಗೂಟವನ್ನು ತಿರುಗಿ ಕಟ್ಟಿದ್ದಕ್ಕೆ ಧನ್ಯವಾದ.

ಪೆರಿಜಾತ್

*

ಟೋಕ್ಮೋಕ್, 6 ಫೆಬ್ರವರಿ 2024

ಪೆರಿಜಾತ್,

ಇಬ್ಬರ ಸಹಿ ಸರಿ. ಅದಕ್ಕೆ ನಾನು ಏನೂ ಹೇಳುವುದಿಲ್ಲ.

ಕುಬಾತನನ್ನು ಮುಖ್ಯಸ್ಥನನ್ನಾಗಿ ಮಾಡಲಿಲ್ಲ. ಬೇರೆ ವಿಭಾಗಕ್ಕೆ ಹಾಕಿದರು. ಮನೆಯಲ್ಲಿ ಅವನು ನನ್ನೊಂದಿಗೆ ಮಾತಾಡುತ್ತಾನೆ, ಉಪ್ಪು ಕೊಡು, ಬಾಗಿಲು ಹಾಕು, ಅಷ್ಟು. ಅವನ ತಾಯಿಗೆ ಅವನು ಏನನ್ನೂ ಹೇಳಿಲ್ಲ. ನಾನೂ ಹೇಳಿರಲಿಲ್ಲ. ಮನೆಯ ಮಾತು ಎಂದು ನುಂಗಿಕೊಂಡಿದ್ದೆ.

ಶನಿವಾರ ನಾವು ಟೋಕ್ಮೋಕ್‌ಗೆ ಬಂದೆವು. ಘಟ್ಟದ ಆಚೆ ಅತ್ತೆಯ ತಂಗಿಯ ಮೊಮ್ಮಗನಿಗೆ ತೊಟ್ಟಿಲು ಹಾಕುವ ಹಬ್ಬವಿತ್ತು. ಅತ್ತೆ ಮುಂಜಾನೆಯೇ ಹೊರಟಿದ್ದರು, ಮೈದುನನ ಗಾಡಿಯಲ್ಲಿ. ತೊಟ್ಟಿಲಿಗೆ ಕೈಯಾರೆ ಹೊಲಿದ ಹೊದಿಕೆ, ಒಂದು ಕುರಿಯ ಮಾಂಸ, ಎರಡು ಬಕೆಟ್ ಬೋರ್ಸೋಕ್. ಸಂಜೆಗೆ ಎಲ್ಲ ಹಾಗೇ ಹಿಂದಕ್ಕೆ ಬಂದವು. ನಲವತ್ತಮೂರು ಸೆಂಟಿಮೀಟರ್. ಗೇಟು ಇಳಿದಿತ್ತು.

ಅತ್ತೆ ಕೋಟು ಬಿಚ್ಚದೆ ಒಲೆಯ ಪಕ್ಕ ಕೂತರು. ಮನೆ ತುಂಬ ಜನ. ನಾನು ಚಹಾ ಸುರಿಯುತ್ತಿದ್ದೆ.

“ನಾಲ್ಕು ಗಂಟೆ ನಿಂತ್ವಿ ಆ ಗೇಟಿನ ಹತ್ರ. ಆಕಾಶ ನೋಡಿದ್ರೆ ಬಟ್ಟಲು ತೊಳೆದ ಹಾಗಿದೆ! ಡ್ರೈವರ್‌ಗಳು ಅಂತಿದ್ರು, ಮೊದಲು ಎಪ್ಪತ್ತೈದು ಇತ್ತಂತೆ, ಮೇಲೆ ಕೂತಿರೋ ಒಬ್ಬಳು ಹೆದರುಪುಕ್ಕಲಿ ನಲವತ್ತಕ್ಕೆ ಇಳಿಸಿದಾಳಂತೆ. ನಿನ್ನ ಗೆಳತಿ ಅಲ್ವೇನೇ ಕೆಲಿನ್ ಅವಳು? ಗಂಡ ಇಲ್ಲ, ಮಕ್ಕಳಿಲ್ಲ, ಬೇರೆಯವರ ತೊಟ್ಟಿಲಿನ ಬೆಲೆ ಅವಳಿಗೇನು ಗೊತ್ತು?”

ಕುಬಾತ್ ಎದುರಿಗೇ ಕೂತಿದ್ದ. ಎಪ್ಪತ್ತೈದನ್ನು ಇಟ್ಟವನು ಯಾರು, ಅದನ್ನು ತೆಗೆದವರು ಯಾರು, ಎಲ್ಲ ಗೊತ್ತಿದ್ದವನು. ನಾನು ಅವನ ಮುಖ ನೋಡಿದೆ. ಒಂದು ಮಾತು, ಪೆರಿಜಾತ್. ‘ಬಿಡು ಅಪಾ’ ಎಂದಿದ್ದರೂ ಸಾಕಿತ್ತು. ಅವನು ರೊಟ್ಟಿ ಮುರಿದ. ಸಣ್ಣದಾಗಿ ಮುರಿದ, ಇನ್ನೂ ಸಣ್ಣದಾಗಿ. ನನ್ನ ಹೆಸರಿನಲ್ಲಿ ಅವನು ಅಕ್ಟೋಬರಿನಲ್ಲಿ ಮಾಡಿದ್ದಕ್ಕಿಂತ ಈ ಮಾತಾಡದಿದ್ದದ್ದು ನನಗೆ ಹೆಚ್ಚು ಚುಚ್ಚಿತು. ಆಗ ನಾನು ನೋಡುತ್ತಿರಲಿಲ್ಲ. ಈಗ ಎದುರಿಗೇ ಇದ್ದೆ.

ನಾನು ಕೆಟಲ್ ಕೆಳಗಿಟ್ಟೆ. ಕೆಲಿನ್ ಹಿರಿಯರ ಮುಂದೆ ದನಿ ಎತ್ತಬಾರದು, ಎತ್ತಲಿಲ್ಲ. ಮೆಲ್ಲಗೇ ಹೇಳಿದೆ:

“ಅವಳಲ್ಲ ಅಪಾ. ಅವಳು ಅಳೆದು ಹೇಳಿದ್ದಷ್ಟೇ. ಈ ಚಳಿಗಾಲ ಗೂಟ ಕಟ್ಟಿದ್ದು ನಾನು. ಇವತ್ತು ನಿಮ್ಮ ದಾರಿ ಮುಚ್ಚಿದ್ದು ನಾನು. ನಾಳೆ ನಲವತ್ತು ಬಿದ್ರೆ ನಾಳೆನೂ ಮುಚ್ತೀನಿ.”

ಅತ್ತೆ ನನ್ನನ್ನು ನೋಡಿದರು, ಆಮೇಲೆ ಮಗನನ್ನು ನೋಡಿದರು. ಬಹಳ ಹೊತ್ತು ಮಗನನ್ನೇ ನೋಡಿದರು. ಅವನು ತಲೆ ಎತ್ತಲಿಲ್ಲ. ಆಗ ಅವರು ಕೋಟಿನ ಗುಂಡಿ ಒಂದೊಂದಾಗಿ ಬಿಚ್ಚಿ, ಬಟ್ಟಲನ್ನು ನನ್ನ ಕಡೆ ಚಾಚಿ, “ಸುರಿ” ಅಂದರು.

ಸುರಿದೆ. ಒಂದು ಹನಿಯೂ ಚೆಲ್ಲಲಿಲ್ಲ.

ನಾಳೆ ಬಿಷ್ಕೆಕ್‌ಗೆ ಹೋಗುತ್ತೇನೆ, ನಮ್ಮ ಮನೆಗಲ್ಲ, ನನ್ನ ಅಕ್ಕನ ಮನೆಗೆ. ಎಷ್ಟು ದಿನಕ್ಕೆ ಎಂದು ಕುಬಾತ್ ಕೇಳಿಲ್ಲ. ಶನಿವಾರ ಗುಡ್ಡ ಜಾರಿತೋ ಇಲ್ಲವೋ ನನಗೆ ಗೊತ್ತಿಲ್ಲ, ನೀನು ಬರೆಯಬೇಕೆಂದೂ ಇಲ್ಲ. ಅಳತೆಗಳನ್ನು ಕಳಿಸುತ್ತಿರು.

ಮೇರಿಮ್